ಬಿರಡೆ ಕೂರಿಸಿದ ಬಾಯ್ಲರು

ಗಾಳಿಯನ್ನು ಶತ್ರುವೆಂದು ತಿಳಿದವನು ಮೂಗು ಇಟ್ಟುಕೊಂಡು ತಿರುಗುವುದೇ ಒಂದು ಸೋಜಿಗ. ಈ ಮಹಾಶಯ ಅಂಥವನು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕ. ಅಂಟಿಸಿದ ಪೊಟ್ಟಣವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅಂಚಿನಿಂದ ಗುಳ್ಳೆ ಏಳುತ್ತದೆಯೋ ಎಂದು ನೋಡುವುದು ಅವನ ಉದ್ಯೋಗ. ಗುಳ್ಳೆ ಎದ್ದರೆ ಒಳಗೆ ಗಾಳಿ ಆಡುತ್ತದೆ, ಗಾಳಿ ಆಡಿದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಬಿಸ್ಕತ್ತು ಮೆತ್ತಗಾದರೆ ಕಾರ್ಖಾನೆಯ ಮಾನ ಹೋಗುತ್ತದೆ. ಅವನ ವಿದ್ಯೆ ಇಷ್ಟೇ. ಆದರೆ ಒಂದೇ ವಿದ್ಯೆ ಬಲ್ಲವನು ಅದನ್ನು ಕಾರ್ಖಾನೆಯ ಗೇಟಿನಲ್ಲಿ ಕಳಚಿಟ್ಟು ಬರುವುದಿಲ್ಲ. ಅವನ ಕಣ್ಣಿಗೆ ಇಡೀ ಲೋಕವೇ ಯಾರೋ ಸೋಮಾರಿ ಅರ್ಧಂಬರ್ಧ ಅಂಟಿಸಿ ಬಿಟ್ಟ ಪೊಟ್ಟಣ.

ಮನೆಯ ಬಾಗಿಲ ಕೆಳಗಿನ ಸಂದಿಗೆ ಅವನು ಚಿಂದಿ ತುರುಕಿದ್ದ. ಕಿಟಕಿಗಳ ಅಂಚಿಗೆಲ್ಲ ಕಾರ್ಖಾನೆಯಿಂದ ತಂದ ಬೆಳ್ಳಿ ಬಣ್ಣದ ಅಂಟುಪಟ್ಟಿ ಅಂಟಿಸಿದ್ದ. ಬೀಗದ ಕಿಂಡಿಯಲ್ಲಿ ಹತ್ತಿ. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಬೇಕಾದರೆ ಹೆಂಡತಿ ಅದನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುಸ್ತಿ ಆಡಬೇಕಿತ್ತು. ಪ್ಯಾಕಿಂಗ್ ವಿಭಾಗದ ಹೆಂಗಸರು ಅವನಿಗೆ ‘ಬಿರಡೆ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಸಾರ್, ಬೆನ್ನ ಹಿಂದೆ ಬಿರಡೆ. ಹೆಸರು ಕಾರ್ಖಾನೆಯಿಂದ ಹೊರಬಿದ್ದು ಬೀದಿಗೂ ಬಂದಿತ್ತು. ಅವನು ಮುಚ್ಚದೆ ಬಿಟ್ಟ ಸಂದಿ ಅದೊಂದೇ.

ಬಿರಡೆಯ ಬದುಕಿನಲ್ಲಿ ಬಾಯ್ಲರು ಬಂದದ್ದು ಷಡ್ಡಕನಿಂದ. ಅಂದರೆ, ನಾದಿನಿಯ ಗಂಡ ತನ್ನ ಮನೆಯಲ್ಲಿ ಗ್ಯಾಸ್ ಬಾಯ್ಲರು ಹಾಕಿಸಿದ. ಹಾಕಿಸಿದ್ದೂ ಅಲ್ಲದೆ ಫೋನು ಮಾಡಿ ಹೇಳಿದ.

“ಏನಣ್ಣಾ, ಚಳಿಗಾಲಕ್ಕೆ ಅತ್ತೆ ನಿಮ್ಮನೆಗೆ ಬರ್ತಾರಂತೆ. ನಮ್ಮಲ್ಲಿ ನಲ್ಲಿ ತಿರುಗಿಸಿದ್ರೆ ಸಾಕು, ಬಿಸಿನೀರು ಧೋ ಅಂತ ಸುರಿಯುತ್ತೆ. ಅವರಿಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ. ನಿಮ್ಮಲ್ಲಿ ಹೇಗೆ, ಇನ್ನೂ ಒಲೆ ಮೇಲೆ ಪಾತ್ರೆ ಇಟ್ಟೇ ಕಾಯಿಸ್ತೀರಾ? ಪಾಪ, ಅಕ್ಕ.”

ಆ ‘ಪಾಪ’ ಬಿರಡೆಯ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮಾರನೆಯ ದಿನವೇ ಬಾಯ್ಲರು ಕೊಂಡು ತಂದ. ಷಡ್ಡಕನದಕ್ಕಿಂತ ಒಂದು ಗೇಣು ದೊಡ್ಡದು.

ಕೂರಿಸಲು ಫಿಟ್ಟರು ಬಂದ. ಬಂದವನ ಮೊಬೈಲು ಕಿವಿಗೂ ಹೆಗಲಿಗೂ ನಡುವೆ ಹುಟ್ಟಿನಿಂದಲೇ ಬೆಳೆದ ಅಂಗದಂತೆ ಅಂಟಿಕೊಂಡಿತ್ತು.

“ನಾನು ಕೂರಿಸಿರೋ ಬಾಯ್ಲರಿಗೆ ಈ ಊರಲ್ಲಿ ಲೆಕ್ಕ ಇಲ್ಲ ಸಾರ್,” ಎಂದ. “ದೊಡ್ಡ ದೊಡ್ಡೋರೆಲ್ಲ ನನ್ನ ನೀರಲ್ಲೇ ಸ್ನಾನ ಮಾಡೋದು.”

ಅಡುಗೆಮನೆಯ ಗೋಡೆಗೆ ಬಾಯ್ಲರನ್ನು ತೂಗುಹಾಕಿ, ನೀರಿನ ಪೈಪು, ಗ್ಯಾಸಿನ ಪೈಪು ಜೋಡಿಸಿದ. ಹೊಗೆ ಹೋಗುವ ಕೊಳವೆಯ ಸರದಿ ಬಂದಾಗ ಚೀಲ ತಡಕಾಡಿ, ಬಾಗುವ ತುಂಡು, ಎಲ್ಬೋ, ಬೇರೆ ಅಳತೆಯದು ಬೇಕು, ನಾಳಿದ್ದು ತರುತ್ತೇನೆ, ಅಲ್ಲಿಯವರೆಗೆ ಹೊತ್ತಿಸಬೇಡಿ ಎಂದ. ಹೋಗುವ ಮುಂಚೆ ಗೋಡೆಯ ಕಡೆ ಬೆರಳು ತೋರಿಸಿ ಪಾಠ ಶುರು ಮಾಡಿದ.

“ನೋಡಿ ಸಾರ್, ಒಳಗಿನ ಜಾಯಿಂಟೆಲ್ಲ ಬಿಗಿ ಇರ್ಬೇಕು. ಒಂದು ಕೂದಲೆಳೆ ಗಾಳಿ ಆಡ್ಬಾರ್ದು...”

“ಅದನ್ನ ನೀವು ನನಗೆ ಹೇಳ್ತೀರಾ?” ಬಿರಡೆಯ ಎದೆ ಉಬ್ಬಿತು. “ನಾನು ಯಾವ ಕೆಲಸದಲ್ಲಿರೋದು ಗೊತ್ತಾ? ಸೀಲ್ ಅಂದ್ರೆ ಏನು ಅಂತ ನಾನು ಹೇಳ್ತೀನಿ ಕೇಳಿ. ಮೊದಲು ಅಂಚು ಒಣಗಿರ್ಬೇಕು...”

ಅವನು ಅಂಚು, ಅಂಟು, ಶಾಖ, ಒತ್ತಡ ಎಂದು ಹೇಳುತ್ತ ಹೋದ. ಅದೇ ಹೊತ್ತಿಗೆ ಫಿಟ್ಟರು ತನ್ನ ಪಾಡಿಗೆ ತಾನು, ಹೊರಗಿನ ಬಾಯಿ ಮಾತ್ರ ಸದಾ ತೆರೆದಿರಬೇಕು, ಕೊಳವೆ ಹೊರಗಡೆಗೆ ಚೂರು ಇಳಿಜಾರಿರಬೇಕು, ಮೇಲಿನ ಗವಾಕ್ಷಿ ಯಾವತ್ತೂ ಮುಚ್ಚಬಾರದು ಎಂದು ಹೇಳುತ್ತ ಹೋದ. ಇಬ್ಬರು ತಜ್ಞರು ಒಟ್ಟಿಗೆ ಮಾತಾಡಿದರೆ ಆಗುವುದೇ ಹೀಗೆ. ಗೋಡೆಯೊಂದೇ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಿತು. ಅದಕ್ಕೆ ಬಾಯಿ ಇರಲಿಲ್ಲ.

ನಾಳಿದ್ದು ಬಂತು, ಫಿಟ್ಟರು ಬರಲಿಲ್ಲ. ಫೋನು ಮಾಡಿದರೆ “ದಾರೀಲಿದೀನಿ ಸಾರ್” ಎನ್ನುವನು. ಅವನು ಯಾವಾಗ ಕೇಳಿದರೂ ದಾರಿಯಲ್ಲೇ ಇರುತ್ತಿದ್ದ. ಆ ದಾರಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಇತ್ತ ಅತ್ತೆ ಬರುವ ದಿನ ಹತ್ತಿರವಾಯಿತು.

“ನಾನೇ ಮಾಡ್ತೀನಿ,” ಎಂದ ಬಿರಡೆ.

ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಆಸ್ಪತ್ರೆಗೆ, ಹಾಸ್ಟೆಲಿಗೆ ದಿಂಬಿನ ಗೌಸು ಹೊಲಿದು ಕೊಡುವುದು ಅವಳ ಕೆಲಸ. ಬೆಳಕು ಚೆನ್ನಾಗಿದೆಯೆಂದು ಮಿಷನ್ನು ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ, ಬಾಯ್ಲರಿನ ಕೆಳಗೇ ಇತ್ತು. ಅವಳು ಕಾಲು ನಿಲ್ಲಿಸಿ ಗಂಡನ ಕಡೆ ನೋಡಿದಳು.

“ಬೇರೆ ಫಿಟ್ಟರನ್ನ ಕರೀಬಾರ್ದೇನ್ರೀ?”

“ಯಾಕೆ? ಬೆಳಗಿಂದ ಸಂಜೆವರೆಗೆ ನನ್ನ ಕೈಕೆಳಗೆ ಎಷ್ಟು ಲಕ್ಷ ಪೊಟ್ಟಣ ಸೀಲ್ ಆಗುತ್ತೆ, ನಿನಗೇನು ಗೊತ್ತು?”

“ಪೊಟ್ಟಣದೊಳಗೆ ಯಾರೂ ವಾಸ ಮಾಡಲ್ವಲ್ಲ.”

ಈ ಮಾತಿನ ತೂಕ ಬಿರಡೆಗೆ ತಿಳಿಯಲಿಲ್ಲ. ಗೋಡೆ ತೂತು ಮಾಡುವುದರಲ್ಲಿದ್ದ. ಅಂಗಡಿಯಿಂದ ತಂದ ಎಲ್ಬೋ ಸಿಕ್ಕಿಸಿ, ಕೊಳವೆಯನ್ನು ತೂತಿನಲ್ಲಿ ತೂರಿಸಿ, ಸುತ್ತ ಸಿಮೆಂಟು ಮೆತ್ತಿ, ಅದರ ಮೇಲೆ ಅಂಟು, ಅಂಟಿನ ಮೇಲೆ ಬೆಳ್ಳಿ ಪಟ್ಟಿ, ಪಟ್ಟಿಯ ಮೇಲೆ ಮತ್ತೆ ಅಂಟು ಬಳಿದ. ಬಾಯ್ಲರಿಗೂ ಕೊಳವೆಗೂ ಸೇರುವ ಕಡೆ ಮುರಿದ ಕೈಗೆ ಕಟ್ಟು ಹಾಕಿದಂತೆ ಪಟ್ಟಿ ಸುತ್ತಿದ. ಸಾಬೂನು ನೀರು ಬಳಿದು, ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಇಲ್ಲಿಗೇ ನಿಂತಿದ್ದರೆ ಈ ಕಥೆಗೆ ಏನೂ ಕೆಲಸವಿರುತ್ತಿರಲಿಲ್ಲ. ಹೇಳಬೇಕಾದ ಸತ್ಯವೆಂದರೆ ಅಲ್ಲಿಯವರೆಗಿನ ಕೆಲಸ ಸರಿಯಾಗಿಯೇ ಇತ್ತು. ಅರ್ಧ ತಿಳಿದವನು ಅರ್ಧಕ್ಕೇ ನಿಲ್ಲುವುದಿಲ್ಲ ಎನ್ನುವುದೇ ಲೋಕದ ಕಷ್ಟ.

ಬಾಯ್ಲರು ಹೊತ್ತಿಸಿ ಹೊರಗೆ ಹೋದ. ಸ್ಟೂಲು ಹತ್ತಿ ಕೊಳವೆಯ ಬಾಯಿಗೆ ಕೈ ಹಿಡಿದ. ಅಂಗೈ ಬೆಚ್ಚಗಾಯಿತು.

“ಲೇ! ಬಾ ಇಲ್ಲಿ! ಶಾಖ ಎಲ್ಲ ಬೀದಿಗೆ ಹೋಗ್ತಾ ಇದೆ!”

“ಅದು ಹೊಗೆ ಅಲ್ವೇನ್ರೀ?” ಹೆಂಡತಿ ಒಳಗಿಂದಲೇ ಕೂಗಿದಳು.

“ಹೊಗೆ ಎಲ್ಲಿದೆ? ಕಪ್ಪಗಿದೆಯಾ? ವಾಸನೆ ಇದೆಯಾ? ಕಣ್ಣು ಉರಿಯುತ್ತಾ? ಇದು ಅಪ್ಪಟ ಶಾಖ. ಗ್ಯಾಸು ನಮ್ಮದು, ಚಳಿ ಬಿಡೋದು ಬೀದಿ ನಾಯಿಗಾ?”

ಕಾಣದ್ದು, ನಾರದ್ದು, ಉರಿಯದ್ದು ಇಲ್ಲ ಎಂದೇ ಎಲ್ಲರ ನಂಬಿಕೆ. ಕಂಡು, ನಾತ ಹೊಡೆದು, ಕಣ್ಣು ಉರಿಸಿ ಕೊಲ್ಲುವುದು ಮರ್ಯಾದಸ್ಥ ಹೊಗೆ. ಇದು ಆ ಜಾತಿಯದಲ್ಲ. ಬಿರಡೆ ಬಿಸ್ಕತ್ತಿನ ಡಬ್ಬಿಯ ತಗಡಿನ ಮುಚ್ಚಳ ತಂದು ಕೊಳವೆಯ ಬಾಯಿಗೆ ಮುಚ್ಚಿದ. ಅಂಟು, ಪಟ್ಟಿ, ಅಂಟು. ಆಮೇಲೆ, ಮಾಡುವ ಕೆಲಸ ಪೂರ್ತಿ ಮಾಡಬೇಕೆಂದು, ಅಡುಗೆಮನೆಯ ಗವಾಕ್ಷಿಗೂ ರಟ್ಟು ಹೊಡೆದು ಮೆತ್ತಿದ.

ಬಾಯ್ಲರು ಸ್ವಲ್ಪ ಹೊತ್ತು ಉರಿದು, ಟಕ್ ಎಂದು ತಾನೇ ಆರಿಹೋಯಿತು. ಮತ್ತೆ ಹೊತ್ತಿಸಿದ, ಮತ್ತೆ ಆರಿತು. ಯಂತ್ರಕ್ಕೆ ಮನೆಯ ಯಜಮಾನನಿಗಿಂತ ಚೂರು ಹೆಚ್ಚು ಬುದ್ಧಿಯನ್ನು ಕಾರ್ಖಾನೆಯವರೇ ಹಾಕಿ ಕಳಿಸಿದ್ದರು. ಆದರೆ ಬಿರಡೆ ಮೇಲ್ವಿಚಾರಕ. ನಡುವೆ ಕೆಲಸ ನಿಲ್ಲಿಸುವವರನ್ನು ಹೇಗೆ ದಾರಿಗೆ ತರಬೇಕೆಂದು ಅವನಿಗೆ ಗೊತ್ತು. ಹೊಟ್ಟೆ ಬಿಚ್ಚಿ, ಅಲ್ಲಿ ಇಲ್ಲಿ ಕೈಯಾಡಿಸಿ, ಏನನ್ನೋ ಒತ್ತಿ ಹಿಡಿದು ಅದರ ಮೇಲೂ ಪಟ್ಟಿ ಸುತ್ತಿದ. ಬಾಯ್ಲರು ತೆಪ್ಪಗೆ ಉರಿಯತೊಡಗಿತು. ಮೊದಲು ನೀಲಿಯಾಗಿದ್ದ ಜ್ವಾಲೆ ಈಗ ಹಳದಿಯಾಗಿ ಬಳುಕುತ್ತಿತ್ತು.

“ನೋಡು, ಎಷ್ಟು ಚಂದ,” ಎಂದ ಬಿರಡೆ. “ಬಂಗಾರದ ಹಾಗೆ.”

ಅತ್ತೆ ಬಂದರು. ಅಡುಗೆಮನೆ ಬೆಚ್ಚಗಿತ್ತು. ಕಿಟಕಿಯ ಗಾಜಿನ ಮೇಲೆ ನೀರಿನ ಹನಿ ಇಳಿಯುತ್ತಿತ್ತು. ಸ್ನಾನ ಮಾಡಿ ಬಂದ ಅತ್ತೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಮಗಳ ಮಿಷನ್ನಿನ ಪಕ್ಕ ಕೂತರು. “ಆ ಮನೆಗಿಂತ ಇಲ್ಲೇ ಬೆಚ್ಚಗಿದೆ ಅಳಿಯಂದ್ರೇ,” ಎಂದರು. ಬಿರಡೆ ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ಪೆಪ್ಪರಮಿಂಟಿನಂತೆ ಚೀಪಿದ.

ಮೊದಲು ತಲೆನೋವು ಬಂದದ್ದು ಹೆಂಡತಿಗೆ. ಆಮೇಲೆ ತಲೆಸುತ್ತು. ಆಮೇಲೆ ವಾಂತಿ. ಎದುರು ಮನೆಯಾಕೆ ಹರಿದ ಪರದೆ ಹೊಲಿಸಿಕೊಳ್ಳಲು ಬಂದಾಗ ಇವಳು ಮಾತಿನ ನಡುವೆ ಬಾಯಿಗೆ ಸೆರಗೊತ್ತಿಕೊಂಡು ಬಚ್ಚಲಿಗೆ ಓಡಿದಳು. ಎದುರು ಮನೆಯಾಕೆ ಅವಳನ್ನು ನೋಡಿದಳು, ಅವಳ ತಾಯಿಯನ್ನು ನೋಡಿದಳು, ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಪರದೆಯನ್ನು ಅಲ್ಲೇ ಬಿಟ್ಟು ಹೋದಳು. ಅದಕ್ಕಿಂತ ಅವಸರದ ಕೆಲಸ ಬೀದಿಯಲ್ಲಿ ಅವಳಿಗಾಗಿ ಕಾದಿತ್ತು.

ಸಂಜೆಯ ಹೊತ್ತಿಗೆ ತರಕಾರಿ ಗಾಡಿಯವನಿಗೂ ವಿಷಯ ತಿಳಿದಿತ್ತು. ಈ ವಯಸ್ಸಿನಲ್ಲಿ! ಮಗಳ ಮದುವೆಯಾಗಿ, ಮೊಮ್ಮಗ ಶಾಲೆಗೆ ಹೋಗುತ್ತಿರುವಾಗ!

“ನಾನು ಬಸುರಿ ಅಲ್ಲ,” ಎಂದಳು ಹೆಂಡತಿ.

“ಮೊದಮೊದಲು ಗೊತ್ತಾಗಲ್ಲ,” ಎಂದಳು ಎದುರು ಮನೆಯಾಕೆ.

“ನನಗೆ ಗೊತ್ತಿಲ್ದೇ ಇರುತ್ತೇನ್ರೀ? ಅದೆಲ್ಲ ನಿಂತೇ ಎಷ್ಟು ಕಾಲ ಆಯ್ತು!”

“ನಿಂತಿದೆ ಅಂತ ನೀವೇ ಹೇಳ್ತಿದೀರಲ್ಲಮ್ಮಾ!” ಎಂದು ಆಕೆ ಗೆದ್ದವಳಂತೆ ನಕ್ಕಳು.

ಅವಳ ಮೈಯೊಳಗೆ ಏನಿದೆ ಎಂಬುದು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಮಗಳು ಫೋನು ಮಾಡಿದಳು. ಅಮ್ಮನಿಗಲ್ಲ, ಅಪ್ಪನಿಗೆ.

“ಅಪ್ಪಾ, ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ನಮ್ಮತ್ತೆ ಕೇಳ್ತಾರೆ, ನಿನ್ನ ತಮ್ಮನೋ ತಂಗಿನೋ ನಿನ್ನ ಮಗನ ಹಳೇ ತೊಟ್ಟಿಲಲ್ಲಿ ಮಲಗ್ತಾರಾ ಅಂತ. ನಾನೇನು ಹೇಳ್ಲಿ?”

ಬಿರಡೆ ಕೆಮ್ಮಿದ. “ಅದೆಲ್ಲ ನಮ್ಮ ಕೈಲಿದೆಯೇನಮ್ಮಾ,” ಎಂದ. ದನಿಯಲ್ಲಿ ನಾಚಿಕೆಯೇನೋ ಇತ್ತು, ಆದರೆ ಮೀಸೆಯ ಕೊನೆ ಮೇಲಕ್ಕೆ ತಿರುಗಿತ್ತು. ಕಾರ್ಖಾನೆಯಲ್ಲಿ ಗಂಡಸರು ಬೆನ್ನು ತಟ್ಟಿದರು. “ನೋಡೋಕೆ ಹೀಗಿದೀರಿ, ಪರವಾಗಿಲ್ಲ ಸಾರ್!” ಎಂದರು. ಪ್ಯಾಕಿಂಗ್ ಹೆಂಗಸರು ಪೊಟ್ಟಣಗಳ ಹಿಂದೆ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು. ಇಪ್ಪತ್ತು ವರ್ಷ ಗುಳ್ಳೆ ನೋಡಿದವನನ್ನು ಜಗತ್ತು ಮೊದಲ ಬಾರಿಗೆ ಗಂಡಸೆಂದು ಗುರುತಿಸಿತ್ತು. ಹೆಂಡತಿ ಅಲ್ಲ ಅಲ್ಲ ಎಂದಷ್ಟೂ ಅವನು ನಂಬಿದ. ನಂಬುವುದರಿಂದ ಅವನಿಗೆ ಲಾಭವಿತ್ತು.

“ಡಾಕ್ಟರ ಹತ್ರ ಹೋಗೋಣ ಬಾ,” ಎಂದು ದವಾಖಾನೆಗೂ ಕರೆದೊಯ್ದ. ಅಲ್ಲಿ ಜನ ತುಂಬಿದ್ದರಿಂದ ಜಗುಲಿಯಲ್ಲಿ, ತಣ್ಣನೆ ಗಾಳಿಯಲ್ಲಿ ತುಂಬ ಹೊತ್ತು ಕೂರಬೇಕಾಯಿತು. ಒಳಗೆ ಕರೆಯುವ ಹೊತ್ತಿಗೆ ಹೆಂಡತಿಗೆ ತಲೆನೋವೂ ಇಲ್ಲ, ಸುತ್ತೂ ಇಲ್ಲ. ಡಾಕ್ಟರು ಮುಖ ಎತ್ತದೆ, “ಏನೂ ಇಲ್ಲ, ಬಸಿರೂ ಇಲ್ಲ. ಮನೇಲಿ ಬೆಚ್ಚಗಿದ್ದು ರೆಸ್ಟ್ ತಗೊಳ್ಳಿ,” ಎಂದರು. ಬಿರಡೆ ಹೊರಗೆ ಬಂದು, “ಈ ಡಾಕ್ಟರಿಗೆ ಏನು ಗೊತ್ತಿದೆ,” ಎಂದ. ಬೆಚ್ಚಗಿರುವ ಸಲಹೆಯೊಂದನ್ನು ಮಾತ್ರ ಶಿರಸಾವಹಿಸಿ, ಬಾಯ್ಲರನ್ನು ಇಡೀ ಹಗಲು ಆರಿಸಬೇಡವೆಂದು ಹೆಂಡತಿಗೆ ತಾಕೀತು ಮಾಡಿದ.

ಅಷ್ಟರಲ್ಲಿ ಅತ್ತೆಗೂ ಶುರುವಾಯಿತು. ಮೊದಲು ಕೂತಲ್ಲೇ ತೂಕಡಿಕೆ.

“ನಿಮ್ಮನೇಲಿ ನಿದ್ದೆ ಚೆನ್ನಾಗಿ ಬರುತ್ತೆ ಅಳಿಯಂದ್ರೇ,” ಎಂದರು. “ತುತ್ತು ಬಾಯಿಗೆ ಹೋಗೋದ್ರೊಳಗೆ ಬಂದ್ಬಿಡುತ್ತೆ.”

“ನೆಮ್ಮದಿ ಇರೋ ಮನೆ ಅತ್ತೆ,” ಎಂದ ಬಿರಡೆ.

ಮಾರನೆಯ ದಿನ ಅತ್ತೆ ವಾಂತಿ ಮಾಡಿದರು. ಎದುರು ಮನೆಯಾಕೆಯ ಕಿವಿಗೆ ಅದೂ ಬಿತ್ತು. ಅವಳು ಗೇಟಿನ ಆಚೆ ನಿಂತು ಬಹಳ ಹೊತ್ತು ಯೋಚಿಸಿದಳು. ಎಪ್ಪತ್ತು ದಾಟಿದವರ ವಿಷಯದಲ್ಲಿ ಅವಳ ಶಾಸ್ತ್ರ ಕೈಕೊಟ್ಟಿತು.

“ವಯಸ್ಸಾಯ್ತಲ್ಲ, ಅಜೀರ್ಣ,” ಎಂದು ಬಿರಡೆಯೇ ತೀರ್ಪು ಕೊಟ್ಟ. ತಾನು ಬೆಳಗ್ಗೆ ಹೋದರೆ ಸಂಜೆ ಬರುವವನು. ಬಂದವನು ಊಟ ಮಾಡಿ ಮುಂದಿನ ಕೋಣೆಗೆ ಹೋಗುವವನು. ಅವನಿಗೆ ಒಮ್ಮೊಮ್ಮೆ ಊಟದ ಹೊತ್ತಿನಲ್ಲಿ ಕಿವಿಯ ಹಿಂದೆ ತಟತಟ ಎನ್ನುತ್ತಿತ್ತು. ಅದು ಜವಾಬ್ದಾರಿಯ ಭಾರ ಎಂದುಕೊಂಡಿದ್ದ.

ಭಾನುವಾರ ಷಡ್ಡಕ ಬಂದ. ಬಂದದ್ದು ಅತ್ತೆಯನ್ನು ನೋಡಲು ಎಂದು ಹೇಳಿದ. ಕಣ್ಣು ಮಾತ್ರ ಮನೆಯೊಳಗೆ ಕಾಲಿಟ್ಟ ಕೂಡಲೇ ಅಡುಗೆಮನೆಯ ಗೋಡೆಗೆ ಹೋಯಿತು. ಅವನೊಬ್ಬ ದಪ್ಪಗಿನ, ನಗುಮುಖದ, ಸೋಲನ್ನು ಒಪ್ಪದ ಮನುಷ್ಯ. ಬಾಗಿಲಲ್ಲೇ ಬಿರಡೆಯ ಕೈ ಕುಲುಕಿದ.

“ಏನಣ್ಣಾ, ಕಂಗ್ರಾಟ್ಸು! ಮೊಮ್ಮಗನಿಗೆ ಆಡೋಕೆ ಚಿಕ್ಕಪ್ಪನ್ನ... ಅಲ್ಲಲ್ಲ, ಸೋದರಮಾವನ್ನ ತರ್ತಿದೀರಂತೆ!”

“ಏ, ಬಿಡ್ರೀ,” ಎಂದಳು ಹೆಂಡತಿ, ಮಿಷನ್ನಿನ ಮೇಲೆ ತಲೆಯಿಟ್ಟುಕೊಂಡೇ.

ಷಡ್ಡಕ ಬಾಯ್ಲರಿನ ಕೆಳಗೆ ನಿಂತು ಸೊಂಟದ ಮೇಲೆ ಕೈಯಿಟ್ಟ. “ದೊಡ್ಡದೇ ಇದೆ. ಆದ್ರೆ ಹೊರಗೆ ನಿಮ್ಮ ಕೊಳವೆ ಬಾಯೇ ಕಾಣ್ಲಿಲ್ವಲ್ಲ? ನಮ್ಮದು ಹೊರಗೆ ಒಂದು ಮೊಳ ಬಾಯಿ ಬಿಟ್ಕೊಂಡು ನಿಂತಿದೆ.”

“ಅದೇ ನೀವು ಮಾಡಿರೋ ತಪ್ಪು,” ಬಿರಡೆ ಕನಿಕರದಿಂದ ಹೇಳಿದ. “ಅರ್ಧ ಶಾಖ ಬೀದಿಪಾಲು. ನಮ್ಮದು ಒಂದು ಚೂರೂ ಹೊರಗೆ ಹೋಗಲ್ಲ. ಎಲ್ಲ ಒಳಗೇ.”

“ನೀರು ಎಷ್ಟು ಹೊತ್ತು ಬಿಸಿ ಬರುತ್ತೆ?”

“ನೀವು ಎಷ್ಟು ಹೊತ್ತು ನಿಲ್ತೀರೋ ಅಷ್ಟು ಹೊತ್ತು.”

“ನೋಡೇಬಿಡೋಣ,” ಎಂದು ಷಡ್ಡಕ ಟವೆಲು ಎತ್ತಿಕೊಂಡ.

ಹೀಗೆ ಇಬ್ಬರು ಗೃಹಸ್ಥರ ನಡುವೆ ಯುದ್ಧ ಆರಂಭವಾಯಿತು. ಬಚ್ಚಲೊಳಗೆ ಷಡ್ಡಕ, ನೀರು ತಣ್ಣಗಾಗುವವರೆಗೆ ಹೊರಗೆ ಬರುವುದಿಲ್ಲವೆಂದು. ಅಡುಗೆಮನೆಯ ಆಚೆ, ಹಜಾರದ ಬಾಗಿಲಲ್ಲಿ ಬಿರಡೆ, ತಣ್ಣಗಾಗಲು ಬಿಡುವುದಿಲ್ಲವೆಂದು. ನಡುವೆ ಬಾಯ್ಲರು ಹಳದಿ ನಾಲಗೆ ಚಾಚಿ ಬುಸುಗುಟ್ಟುತ್ತಿತ್ತು. ಬಚ್ಚಲಿನಿಂದ ಹಾಡು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಹಾಡಿನ ತಾಳ ತಪ್ಪಿತು. ಆಮೇಲೆ ಹಾಡು ನಿಂತಿತು.

“ಸೋತ್ರಾ?” ಬಿರಡೆ ಕೂಗಿದ.

ಬಾಗಿಲು ತೆರೆಯಿತು. ಷಡ್ಡಕ ಟವೆಲು ಸುತ್ತಿಕೊಂಡು ಅಡುಗೆಮನೆಗೆ ಬಂದ. ಮುಖ ಕೆಂಪಗೆ ಟೊಮೆಟೊ ಆಗಿತ್ತು. ಸೋತ ಅವಮಾನ ಮುಖಕ್ಕೇರಿದೆ ಎಂದು ಬಿರಡೆಗೆ ಹರ್ಷವಾಯಿತು.

“ಅಣ್ಣಾ,” ಎಂದ ಷಡ್ಡಕ. “ನಿಮ್ಮ... ನಿಮ್ಮದು...”

“ಹೇಳಿ, ಹೇಳಿ! ಬಾಯ್ತುಂಬ ಹೇಳಿ!”

ಷಡ್ಡಕ ಗೋಡೆ ಹಿಡಿಯಲು ಹೋದ. ಅಕ್ಕಿ ಮೂಟೆ ಜಾರಿದ ಹಾಗೆ ಗೋಡೆಗುಂಟ ಜಾರಿ ನೆಲದ ಮೇಲೆ ಕೂತ, ಕೂತವನು ಪಕ್ಕಕ್ಕೆ ವಾಲಿದ. ಕುರ್ಚಿಯಲ್ಲಿದ್ದ ಅತ್ತೆ ಕಣ್ಣು ತೆರೆಯಲೂ ಇಲ್ಲ.

“ನಾಟಕ!” ಎಂದ ಬಿರಡೆ. “ಒಪ್ಕೊಳ್ಳೋಕಾಗ್ದೆ ನಾಟಕ ಆಡ್ತಿದಾರೆ!”

ಹೆಂಡತಿ ಮಿಷನ್ನು ಹಿಡಿದುಕೊಂಡು ಎದ್ದಳು. ತಲೆ ಗರಗರ ತಿರುಗುತ್ತಿದ್ದರೂ ಅವಳ ತಲೆಯೊಳಗೆ ಏನೋ ಒಂದು ಕೂಡಿಕೊಂಡಿತು.

“ನಾನು ಬಸುರಿ ಅಂದ್ರಿ,” ಎಂದಳು. “ಅಮ್ಮಂಗೆ ವಯಸ್ಸಾಯ್ತು ಅಂದ್ರಿ. ಇವರಿಗೇನಾಯ್ತು? ಇವರೂ ಬಸುರಿನಾ? ಹೇಳ್ರೀ!”

ಅವಳು ತಲೆಯೆತ್ತಿ ಗೋಡೆಯ ಮೇಲಿನ ಬಂಗಾರದ ಜ್ವಾಲೆಯನ್ನು ನೋಡಿದಳು. ಮರುಕ್ಷಣ ಗ್ಯಾಸಿನ ಕಿವಿ ಹಿಂಡಿ ಆರಿಸಿದಳು. ಕಿಟಕಿಯ ಚಿಲಕ ಎಳೆದಳು. ಕಿಟಕಿ ಅಲುಗಲಿಲ್ಲ. ಅದು ಬಿರಡೆಯ ಕಿಟಕಿ.

“ಎಳೀಬೇಡ! ಅಂಚು ಕಿತ್ತು ಹೋಗುತ್ತೆ! ನಾನು ಎರಡು ಕೋಟು...”

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಗಾಜಿಗೆ ಬೀಸಿದಳು. ಗಾಜು ಪುಡಿಪುಡಿಯಾಯಿತು. ಇಸ್ತ್ರಿಪೆಟ್ಟಿಗೆ ಬೀದಿಗೆ ಹಾರಿ, ಎದುರು ಮನೆಯಾಕೆಯ ಮೆಟ್ಟಿಲ ಮೇಲೆ ದಢಾರನೆ ಬಿತ್ತು. ತಣ್ಣನೆಯ ಗಾಳಿ ಬಹಳ ದಿನಗಳ ಮೇಲೆ ಆ ಮನೆಯೊಳಗೆ ನುಗ್ಗಿತು.

“ಅಮ್ಮನ್ನ ಹಿಡ್ಕೊಳ್ರೀ! ನಿಂತ್ಕೊಂಡು ಏನು ನೋಡ್ತೀರಾ, ಅಮ್ಮ ಸಾಯ್ತಾಳೆ!”

ಆ ಮಾತಿಗೆ ಬಿರಡೆಯ ಕಾಲಿಗೆ ಜೀವ ಬಂತು. ಅತ್ತೆಯನ್ನು ಕುರ್ಚಿ ಸಮೇತ ಎಳೆದ. ಮುಂಬಾಗಿಲ ಕೆಳಗಿನ ಚಿಂದಿಗೆ ಕುರ್ಚಿಯ ಕಾಲು ಸಿಕ್ಕಿಕೊಂಡಿತು. ಒದ್ದ, ಎತ್ತಿದ, ದಬ್ಬಿದ. ಹೆಂಡತಿ ಷಡ್ಡಕನ ಕಂಕುಳಿಗೆ ಕೈಹಾಕಿ ಎಳೆಯುತ್ತಿದ್ದಳು. ಟವೆಲು ಹಜಾರದಲ್ಲೇ ಉಳಿಯಿತು. ಎದುರು ಮನೆಯಾಕೆ ಓಡಿ ಬಂದವಳು ಕಂಡ ದೃಶ್ಯ ಇದು: ಒಡೆದ ಕಿಟಕಿ, ಕುರ್ಚಿಯಲ್ಲಿ ಮುದುಕಿ, ಹೊಸಿಲ ಮೇಲೆ ಬರಿಮೈಯ ಷಡ್ಡಕ, ಅವನ ಕಂಕುಳಲ್ಲಿ ಕೈಯಿಟ್ಟ ಮನೆಯೊಡತಿ, ಬೆವೆತು ನಿಂತ ಗಂಡ. ಆಕೆಗೆ ಇಡೀ ಕಥೆ ಒಮ್ಮೆಗೇ ಅರ್ಥವಾಯಿತು. ಎಂದಿನಂತೆ ತಪ್ಪಾಗಿ.

“ಗಂಡನಿಗೆ ಗೊತ್ತಾಗ್ಬಿಡ್ತು!” ಎಂದು ಕಿರಿಚಿ, ಪೊಲೀಸಿಗೂ ಅಗ್ನಿಶಾಮಕಕ್ಕೂ ಆಂಬುಲೆನ್ಸಿಗೂ ಒಟ್ಟಿಗೆ ಫೋನು ಮಾಡಿದಳು. ಮೂವರಲ್ಲಿ ಯಾರು ಬೇಕೆಂದು ಆರಿಸುವಷ್ಟು ಪುರುಸೊತ್ತು ಇರಲಿಲ್ಲ. ಜೀವ ಉಳಿಸಿದ್ದು ಆ ಅವಿವೇಕವೇ ಎಂದು ಒಪ್ಪಿಕೊಳ್ಳಬೇಕು.

ಆಂಬುಲೆನ್ಸಿನವರು ಬೀದಿಯಲ್ಲೇ ಮುಖಕ್ಕೆ ಆಮ್ಲಜನಕದ ಬಟ್ಟಲು ಹಿಡಿದರು. ಅತ್ತೆ ಕಣ್ಣು ಬಿಟ್ಟು, “ಬೆಳಗಾಯ್ತಾ?” ಎಂದರು. ಷಡ್ಡಕ ಎದುರು ಮನೆಯಾಕೆಯ ಹರಿದ ಪರದೆ ಸುತ್ತಿಕೊಂಡು ಕೂತು, ನೆಲಕ್ಕೂ ಆಕಾಶಕ್ಕೂ ನಡುವೆ ಎಲ್ಲೋ ನೋಡುತ್ತಿದ್ದ. ಹೆಂಡತಿ ಗೇಟಿಗೆ ಒರಗಿ ಉಸಿರೆಳೆದುಕೊಳ್ಳುತ್ತಿದ್ದಳು. ಬೀದಿಗೆ ಬೀದಿಯೇ ಸೇರಿತ್ತು.

ಅಗ್ನಿಶಾಮಕದ ಅಧಿಕಾರಿ ಕೈಯಲ್ಲೊಂದು ವಿಷಾನಿಲ ಅಳೆಯುವ ಯಂತ್ರ ಹಿಡಿದು, ಮುಖಕ್ಕೆ ಮುಸುಕು ಹಾಕಿಕೊಂಡು ಒಳಗೆ ಹೋದ. ಯಂತ್ರ ಕಿರಿಚುವುದು ಬೀದಿಗೂ ಕೇಳಿಸಿತು. ಹೊರಗೆ ಬಂದು ಗೋಡೆಯ ಕಡೆ ತಿರುಗಿದ. ಇಬ್ಬರು ಸಿಬ್ಬಂದಿ ಕೊಳವೆಯ ಬಾಯಿಯ ಮುಚ್ಚಳಕ್ಕೆ ಉಳಿ ಹಾಕಿದರು. ಉಳಿ ಮುರಿಯಿತು. ಸುತ್ತಿಗೆ ಹಾಕಿದರು. ತಗಡು ನಗ್ಗಿತು, ಬಿಡಲಿಲ್ಲ. ಕೊನೆಗೆ ಕೊಳವೆಯನ್ನೇ ಗರಗಸದಿಂದ ಕೊಯ್ದು, ಮುಚ್ಚಳ ಸಮೇತ ತಂದು ಅಧಿಕಾರಿಯ ಕೈಗೆ ಕೊಟ್ಟರು. ಅವನು ಅದನ್ನು ಸತ್ತ ಹಾವಿನಂತೆ ಹಿಡಿದು ಜನರ ನಡುವೆ ನಿಂತ.

“ಜಾಯಿಂಟು ಬಿಗಿ ಇರ್ಬೇಕು, ನಿಜ. ಆದ್ರೆ ಹೊಗೆ ಹೋಗೋ ಬಾಯಿನೇ ಮುಚ್ತಾರೇನ್ರೀ? ಗವಾಕ್ಷಿನೂ ಮುಚ್ಚಿ, ತಾನೇ ಆರಿಸೋ ಸ್ವಿಚ್ಚಿಗೂ ಪಟ್ಟಿ ಸುತ್ತಿದಾನೆ! ಇನ್ನೊಂಚೂರು ಹೊತ್ತು ಒಳಗಿದ್ದಿದ್ರೆ ಮೂರು ಹೆಣ ಎತ್ತಬೇಕಿತ್ತು ನಾವು. ಯಾರ್ರೀ ಇದನ್ನ ಮಾಡಿದ್ದು? ಅವನ ಮೇಲೆ ಕೇಸು ಹಾಕದೆ ನಾನು ಇಲ್ಲಿಂದ ಕದಲಲ್ಲ.”

ಪೊಲೀಸಿನವನು ಜೀಪಿನಿಂದ ಇಳಿದು ಬಂದ.

ಹೆಂಡತಿ ಗೇಟು ಬಿಟ್ಟು ಮುಂದೆ ಬಂದಳು. ಗಂಡನ ಮುಖ ನೋಡಲಿಲ್ಲ.

“ಫಿಟ್ಟರು ಸಾರ್,” ಎಂದಳು. “ಅರ್ಧ ಮಾಡಿ ಹೋದ. ಆಮೇಲೆ ತಿರುಗಿನೂ ನೋಡ್ಲಿಲ್ಲ.”

“ಹೌದು, ಫಿಟ್ಟರೇ,” ಎಂದರು ಅತ್ತೆ, ಬಟ್ಟಲನ್ನು ಮೂಗಿನಿಂದ ಸರಿಸಿ. ಅವರು ಬರುವ ಮೊದಲೇ ಆಗಿದ್ದ ಕೆಲಸ ಅದು. ಆದರೂ ಮಗಳ ಸಂಸಾರದ ಪ್ರಶ್ನೆ.

ಷಡ್ಡಕನೂ ಪರದೆಯೊಳಗಿಂದ ತಲೆಯಾಡಿಸಿದ. ಅವನಿಗೆ ಏನು ಕೇಳಿಸಿತೋ ದೇವರೇ ಬಲ್ಲ. ಎದುರು ಮನೆಯಾಕೆ ಕೂಡ, ಹುಟ್ಟಿದಾರಭ್ಯ ಮೊದಲ ಸಲ, ಗೊತ್ತಿದ್ದ ವಿಷಯವೊಂದನ್ನು ನುಂಗಿಕೊಂಡು ಸುಮ್ಮನೆ ನಿಂತಳು. ಸ್ಟೂಲಿನ ಮೇಲೆ ಬಿರಡೆ ಅಂಟು ಬಳಿಯುವುದನ್ನು ಆಕೆ ತನ್ನ ಕಿಟಕಿಯಿಂದ ಇಡೀ ದಿನ ನೋಡಿದ್ದಳು. ಬೀದಿಯೆಲ್ಲ ಸೇರಿ ಒಬ್ಬ ಮನುಷ್ಯನನ್ನು ಉಳಿಸಲು ಹೊರಟಿತ್ತು. ಅವನು ಮಾಡಬೇಕಾದ್ದು ಒಂದೇ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಅಧಿಕಾರಿ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಆ ಫಿಟ್ಟರು ಯಾರೋ ಏನೋ, ಅವನ ಕೈನ ಮೆಚ್ಚಬೇಕು ಕಣ್ರೀ,” ಎಂದ ಸಿಬ್ಬಂದಿಗೆ. “ನನ್ನ ಸರ್ವಿಸ್ಸಲ್ಲಿ ಇಂಥ ಸೀಲು ನೋಡಿಲ್ಲ. ಉಳಿ ಮುರೀತು, ಅಂಟು ಬಿಡ್ಲಿಲ್ಲ. ಎಂಥಾ ಕೆಲಸಗಾರ ನನ್ಮಗ!”

ಬಿರಡೆಯ ಕಿವಿ ನೆಟ್ಟಗಾಯಿತು. ಅವನು ಅಧಿಕಾರಿಯನ್ನು ನೋಡಿದ, ಮುಚ್ಚಳ ನೋಡಿದ, ಪರದೆ ಹೊದ್ದ ಷಡ್ಡಕನನ್ನು ನೋಡಿದ. ಹೆಂಡತಿ ಅಪಾಯ ಅರಿತವಳಂತೆ ಅವನ ಅಂಗಿಯ ತುದಿ ಹಿಡಿದೆಳೆದಳು.

“ರೀ. ಸುಮ್ನಿರಿ.”

“ಫಿಟ್ಟರಾ?” ಬಿರಡೆಯ ದನಿ ನಡುಗಿತು, ಸಿಟ್ಟಿನಿಂದ. “ಫಿಟ್ಟರಿಗೆ ಅಂಟು ಹಿಡಿಯೋಕೆ ಬರುತ್ತಾ? ಅಂಚು ಒರೆಸ್ದೇ ಪಟ್ಟಿ ಹಾಕೋ ಜನ ಅವರು! ಸಾರ್, ಇದು ಆ ಫಿಟ್ಟರ ಕೈಲಾಗೋ ಕೆಲಸ ಅಲ್ಲ. ನಾನು ಮಾಡಿದ್ದು. ಒಬ್ಬನೇ. ಯಾರೂ ಸ್ಟೂಲು ಕೂಡ ಹಿಡ್ಕೊಂಡಿಲ್ಲ.”

ಅಧಿಕಾರಿ ಪೊಲೀಸಿನವನ ಮುಖ ನೋಡಿದ. ಪೊಲೀಸಿನವನು ಹೆಂಡತಿಯ ಮುಖ ನೋಡಿದ.

ಹೆಂಡತಿಯ ಕೈಯಿಂದ ಅಂಗಿಯ ತುದಿ ಜಾರಿತು. ಅವಳು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಉದ್ದಕ್ಕೆ ಉಸಿರು ಬಿಟ್ಟಳು.

“ಬರ್ಕೊಳ್ಳಿ ಸಾರ್,” ಎಂದಳು. “ಅವರೊಬ್ಬರದೇ ಹೆಸರು ಬರ್ಕೊಳ್ಳಿ. ಆಮೇಲೆ ಯಾರಾದ್ರೂ ಪಾಲು ಕೇಳ್ಕೊಂಡು ಬಂದಾರು.”